ಹಿಂಸ್ರಪಶುವಿಗೆ ಎಷ್ಟು ದೊಡ್ಡ ಬಂದೂಕು ಬೇಕು?

ಆನೆಗೊಂದಿಯಿಂದ ಕೊಪ್ಪಳದ ಕಡೆಗೆ ಹಬ್ಬಿರುವ ಗ್ರಾನೈಟ್ ಗುಡ್ಡಗಳನ್ನು ಒಮ್ಮೆ ನೋಡಿದವರಿಗೆ, ಅಲ್ಲಿ ಚಿರತೆಯೂ ಕರಡಿಯೂ ನೆಲೆಸಿರುವುದು ಸೋಜಿಗವೆನಿಸಲಾರದು. ಬಂಡೆಯ ಮೇಲೆ ಬಂಡೆ ಒರಗಿ ನಿಂತು ಉಂಟಾದ ನೂರಾರು ಗವಿಗಳು ಅವಕ್ಕೆ ಸಿದ್ಧವಾದ ಮನೆಗಳು. ಕೆಳಗೆ ತುಂಗಭದ್ರೆಯ ಕಾಲುವೆಯ ಗದ್ದೆಗಳು, ಊರುಗಳು, ಊರಿನ ನಾಯಿ ಮೇಕೆಗಳು. ಮನುಷ್ಯನಿಗೂ ಮೃಗಕ್ಕೂ ನಡುವೆ ಇಲ್ಲಿ ಕಾಡೆಂಬ ಅಂತರವೇ ಇಲ್ಲ. 2020ರ ನವೆಂಬರಿನಲ್ಲಿ ಆನೆಗೊಂದಿಯ ಬಳಿಯ ದುರ್ಗಾದೇವಿ ಬೆಟ್ಟದಲ್ಲಿ ದೇವಸ್ಥಾನದ ಅಡುಗೆಯವನೊಬ್ಬನು ಚಿರತೆಗೆ ಬಲಿಯಾದನು. ಇಂತಹ ಸುದ್ದಿ ಬಂದಾಗಲೆಲ್ಲ ಗಂಗಾವತಿಯ ಅಂಗಡಿಕಟ್ಟೆಯಿಂದ ಕುಷ್ಟಗಿ, ಯಲಬುರ್ಗಾಗಳ ಬಸ್ ನಿಲ್ದಾಣದವರೆಗೆ ಒಂದೇ ಮಾತು ಏಳುತ್ತದೆ: “ಹಿಂದಿನ ಕಾಲದ ಶಿಕಾರಿಗಳಿದ್ದಿದ್ದರೆ, ಅವರ ಕೈಯ ದೊಡ್ಡ ರೈಫಲು ಇದ್ದಿದ್ದರೆ, ಒಂದೇ ಏಟಿಗೆ ಕೆಲಸ ಮುಗಿಯುತ್ತಿತ್ತು.”

ದುಃಖದಿಂದ ಹುಟ್ಟಿದ ಈ ಮಾತನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಇದರಲ್ಲಿ ಅಡಗಿರುವ ನಂಬಿಕೆಯೊಂದನ್ನು ವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಅವಶ್ಯ. ನಳಿಗೆ ದೊಡ್ಡದಾದಷ್ಟೂ ಮೃಗವನ್ನು ತಡೆಯುವ ಬಲ ಹೆಚ್ಚು ಎಂಬುದೇ ಆ ನಂಬಿಕೆ. ಅದು ಅರ್ಧ ಸತ್ಯ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಅರ್ಧಕ್ಕಿಂತಲೂ ಕಡಮೆ.

ಹಳೆಯ ಬೇಟೆಗಾರರ ಬಂದೂಕುಗಳ ಹೆಸರು ಕನ್ನಡ ವಾಚಕರಿಗೆ ಅಪರಿಚಿತವೇನಲ್ಲ. ಬೆಂಗಳೂರಿನ ಕೆನೆತ್ ಆಂಡರ್‌ಸನ್ನರ ಕಥನಗಳು ಪೂರ್ಣಚಂದ್ರ ತೇಜಸ್ವಿಯವರ ಕೈಯಿಂದ ‘ಕಾಡಿನ ಕಥೆಗಳು’ ಆಗಿ ಬಂದಮೇಲೆ, ಅವರ .405 ವಿಂಚೆಸ್ಟರ್ ರೈಫಲನ್ನು ಕಣ್ಣಿನಿಂದ ಕಾಣದವರೂ ಅದರ ಹೆಸರನ್ನು ಬಲ್ಲರು. ಅಂಗುಲವೊಂದನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಮೆ 405 ಪಾಲು ನಳಿಗೆಯ ಅಗಲ ಎಂದು ಆ ಅಂಕಿಯ ಅರ್ಥ. ಅದಕ್ಕೂ ಹಿಂದಿನವರ ಲೆಕ್ಕವೇ ಬೇರೆ. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳಾಗುವುವೋ ಅಷ್ಟು ‘ಬೋರು’ ಎನ್ನುತ್ತಿದ್ದರು. 1864ರಲ್ಲಿ ಮೈಸೂರು ಸೀಮೆಗೆ ಬಂದ ಸ್ಯಾಂಡರ್ಸನ್ ಆನೆಗಳ ಬೇಟೆಗೆ ನಾಲ್ಕು ಬೋರಿನ ಕೋವಿಯನ್ನು ಇಟ್ಟುಕೊಂಡಿದ್ದನು. ಎಂದರೆ ಒಂದೊಂದು ಗುಂಡೂ ಕಾಲು ಪೌಂಡು, ಸುಮಾರು 113 ಗ್ರಾಂ! ಅದೇ ಸ್ಯಾಂಡರ್ಸನ್ ಮುಂದೆ 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿ, ಆನೆಗಳನ್ನು ಕೊಲ್ಲದೆ ಹಿಡಿಯುವುದಕ್ಕೆ ಹೆಸರಾದನೆಂಬುದೂ ನೆನಪಿನಲ್ಲಿಡತಕ್ಕ ವಿಷಯ.

ದೊಡ್ಡ ಅಂಕಿಗಳ ಈ ಸಾಲಿನಲ್ಲಿ ವಿಜ್ಞಾನಕ್ಕಿಂತ ರಾಜಕಾರಣವೇ ಹೆಚ್ಚಾಗಿರುವ ಒಂದು ಪ್ರಸಂಗವುಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರಕಾರವು .450 ನಳಿಗೆಯ ರೈಫಲುಗಳನ್ನು ಭಾರತದಲ್ಲಿ ನಿಷೇಧಿಸಿತು. ಸೈನ್ಯದಿಂದ ಹೊರಬಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ನಳಿಗೆಯೂ ಅದೇ ಅಳತೆಯದಾದುದರಿಂದ, ಬೇಟೆಗಾರನ ಗುಂಡು ದಂಗೆಕೋರನ ಕೈಸೇರೀತೆಂಬ ಭಯವೇ ಕಾರಣ. ಕೂಡಲೇ ಲಂಡನ್ನಿನ ಬಂದೂಕುಗಾರರು .465, .470, .475 ಎಂದು ಒಂದೆರಡು ಕೂದಲೆಳೆಯ ವ್ಯತ್ಯಾಸದ ಹೊಸ ನಳಿಗೆಗಳನ್ನು ತಯಾರಿಸಿದರು. ಇಂದಿಗೂ .470ರ ಹೆಸರಿಗೆ ಕೈಮುಗಿಯುವವರಿದ್ದಾರೆ. ಆ ಅಂಕಿಯನ್ನು ನಿರ್ಧರಿಸಿದುದು ಮೃಗದ ಮೈಕಟ್ಟಲ್ಲ, ದಿವಾನಖಾನೆಯ ಆಜ್ಞೆ!

ಈಗ ಲೆಕ್ಕಕ್ಕೆ ಬರೋಣ. .470 ರೈಫಲಿನ ಗುಂಡಿನ ತೂಕ ಸುಮಾರು 32 ಗ್ರಾಂ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 655 ಮೀಟರು. ಅದರ ಚಲನಶಕ್ತಿ ಏಳು ಸಾವಿರ ಜೂಲುಗಳಿಗೆ ತುಸು ಕಡಮೆ. ಇದು ನಿಜವಾಗಿಯೂ ಭಯಂಕರವಾದ ಶಕ್ತಿ. ಆದರೆ ‘ಉರುಳಿಸಿ ಕೆಡಹುವುದು’ ಚಲನಶಕ್ತಿಯ ಕೆಲಸವಲ್ಲ, ಸಂವೇಗದ ಕೆಲಸ. ತೂಕವನ್ನು ವೇಗದಿಂದ ಗುಣಿಸಿದರೆ ಈ ಗುಂಡಿನ ಸಂವೇಗ ಸುಮಾರು 21 ಮಾನ. ಅರವತ್ತು ಕಿಲೋಗ್ರಾಂ ತೂಗುವ ಚಿರತೆಯೊಂದು ಸೆಕೆಂಡಿಗೆ 12 ಮೀಟರಿನಂತೆ ಮೇಲೆ ಎರಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಅದರ ಸಂವೇಗ 720. ಗುಂಡು ಅದರ ಮೈಯೊಳಗೇ ಉಳಿದುಬಿಟ್ಟರೂ, ಚಿರತೆಯ ವೇಗ 12ರಿಂದ ಹನ್ನೊಂದೂಮುಕ್ಕಾಲಿನ ಆಸುಪಾಸಿಗೆ ಇಳಿಯುವುದು, ಅಷ್ಟೆ. ಗುಂಡು ತಗುಲಿದ ಹುಲಿ ಹತ್ತಡಿ ಹಿಂದಕ್ಕೆ ಹಾರಿಬಿದ್ದ ವರ್ಣನೆಗಳು ಚಲನಚಿತ್ರಕ್ಕೆ ಒಪ್ಪುವುವೇ ಹೊರತು ನ್ಯೂಟನ್ನನ ನಿಯಮಗಳಿಗೆ ಒಪ್ಪುವುದಿಲ್ಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದೆಯಷ್ಟೆ? ಗುಂಡಿಗೆ ಅಂತಹ ನೂಕುಬಲವಿದ್ದಿದ್ದರೆ ಬಂದೂಕಿನವನೇ ಮೊದಲು ಹಿಂದಕ್ಕೆ ಹಾರಬೇಕಾಗಿತ್ತು.

ಹಾಗಾದರೆ ಮೃಗವನ್ನು ತಡೆಯುವುದು ಯಾವುದು? ಮೆದುಳು ಅಥವಾ ಬೆನ್ನುಹುರಿ ಛೇದಿಸಲ್ಪಟ್ಟರೆ ಅದು ಆ ಕ್ಷಣದಲ್ಲಿಯೇ ಕುಸಿಯುತ್ತದೆ. ಹೃದಯಕ್ಕೋ ಶ್ವಾಸಕೋಶಕ್ಕೋ ತಗುಲಿದರೆ ಸಾವು ನಿಶ್ಚಯವಾದರೂ, ಮೆದುಳಿನಲ್ಲಿ ಉಳಿದ ಆಮ್ಲಜನಕ ತೀರುವವರೆಗೆ ಹತ್ತು ಹದಿನೈದು ಸೆಕೆಂಡುಗಳ ಕಾಲ ಅದು ಓಡಬಲ್ಲದು, ಕಚ್ಚಬಲ್ಲದು. ಹದಿನೈದು ಮೀಟರು ದೂರದ ಬಂಡೆಯ ಮರೆಯಿಂದ ಹೊರಟ ಚಿರತೆಗೆ ಮನುಷ್ಯನನ್ನು ಮುಟ್ಟಲು ಒಂದೆರಡು ಸೆಕೆಂಡಿಗಿಂತ ಹೆಚ್ಚು ಕಾಲ ಬೇಡ. ಆದುದರಿಂದ ಗುಂಡು ಎಲ್ಲಿ ತಗುಲಿತು, ಅಲ್ಲಿಂದ ಎಷ್ಟು ಆಳಕ್ಕೆ ಹೋಯಿತು ಎಂಬುವೇ ಮುಖ್ಯ. ಎಷ್ಟು ಅಗಲದ ಗುಂಡು ಎಂಬುದು ಆಮೇಲಿನ ಮಾತು.

ಆಳದ ವಿಷಯವೂ ಸ್ವಾರಸ್ಯವಾಗಿದೆ. ಗುಂಡಿನ ತೂಕವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ನೋಡಿರಿ. .470ರ ಗುಂಡಿಗೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 28 ಗ್ರಾಂ ಬರುತ್ತದೆ. ಏಳು ಮಿಲಿಮೀಟರಿನ ಸಣ್ಣ ರೈಫಲಿನ ಉದ್ದವಾದ 11 ಗ್ರಾಂ ಗುಂಡಿಗೆ 27 ಗ್ರಾಂ! ಆಂಡರ್‌ಸನ್ನರ .405ಕ್ಕೆ ಇವೆರಡಕ್ಕಿಂತಲೂ ಕಡಮೆ, 23ರ ಸುತ್ತುಮುತ್ತ. ಆಫ್ರಿಕದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಎಂಬಾತನು ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದು, ಅವುಗಳಲ್ಲಿ ಹೆಚ್ಚಿನವನ್ನು ಈ ಏಳು ಮಿಲಿಮೀಟರಿನ ಗುಂಡಿನಿಂದಲೇ ಉರುಳಿಸಿದುದು ಮಂತ್ರದಿಂದಲ್ಲ. ಆತನು ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಯಾವ ಕೋನದಿಂದ ಹೊಡೆದರೆ ಮೆದುಳು ಸಿಕ್ಕುವುದೆಂದು ಅಭ್ಯಾಸ ಮಾಡಿದ್ದನು. (ಸಾವಿರ ಆನೆಗಳ ಕೊಲೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ; ಅಂಗರಚನೆಯ ಜ್ಞಾನ ಬಂದೂಕಿಗಿಂತ ದೊಡ್ಡದೆಂಬುದಷ್ಟೇ ಇಲ್ಲಿಯ ಪ್ರಕೃತ.) ನಮ್ಮ ದೇಶದ್ದೇ ನಿದರ್ಶನ ಬೇಕೆಂದರೆ, 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆ 1926ರಲ್ಲಿ ಜಿಮ್ ಕಾರ್ಬೆಟ್ಟರಿಂದ ಸತ್ತುದು ಇದೇ ಅಳತೆಯ .275 ರಿಗ್ಬಿ ರೈಫಲಿನಿಂದ.

ದೊಡ್ಡ ರೈಫಲಿನ ಪಕ್ಷಪಾತಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಒಂದು ಸಾವಿರ ಕಿಲೋಗ್ರಾಮಿನ ಕಾಟಿ, ನಾಲ್ಕು ಸಾವಿರದ ಸಲಗ—ಇವುಗಳ ದಪ್ಪ ಮೂಳೆಯನ್ನು ದಾಟಿ ಹೋಗಲು, ಮೆದುಳಿಗೆ ಕೂದಲೆಳೆಯಷ್ಟು ತಪ್ಪಿದರೂ ಮೃಗವನ್ನು ಗಳಿಗೆಯ ಮಟ್ಟಿಗೆ ದಿಗ್ಭ್ರಮೆಗೊಳಿಸಲು, ಭಾರವಾದ ಗುಂಡು ಉಪಯುಕ್ತವೆಂಬುದನ್ನು ಅನುಭವಿಗಳೆಲ್ಲರೂ ಒಪ್ಪುತ್ತಾರೆ. ಬಂಡೀಪುರ, ನಾಗರಹೊಳೆಗಳ ಮಾತು ಅದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆನೆಯೂ ಇಲ್ಲ, ಕಾಟಿಯೂ ಇಲ್ಲ. ಇರುವುದು ಚಿರತೆ, ಕರಡಿ, ಮತ್ತು ಬಯಲಿನಲ್ಲಿ ತೋಳ. ಅರವತ್ತು ಕಿಲೋಗ್ರಾಮಿನ ಚಿರತೆಯ ಮೈಯಲ್ಲಿ .470ರ ಗಟ್ಟಿ ಗುಂಡು ತನ್ನ ಶಕ್ತಿಯ ಅಲ್ಪಾಂಶವನ್ನು ಮಾತ್ರ ಬಿಟ್ಟು ಆಚೆಗೆ ಹಾದುಹೋಗುವುದು. ಆಚೆಗೆ ಏನಿದೆ? ಬಂಡೆ. ಗ್ರಾನೈಟಿಗೆ ಓರೆಯಾಗಿ ತಗುಲಿದ ಗುಂಡು ಎತ್ತ ಸಿಡಿಯುವುದೆಂದು ಯಾರೂ ಹೇಳಲಾರರು. ಆ ಗುಡ್ಡದ ಬುಡದಲ್ಲಿ ಕುರಿಗಾಹಿಗಳಿರುತ್ತಾರೆ, ಅಂಜನಾದ್ರಿಗೆ ಬಂದ ಯಾತ್ರಿಕರಿರುತ್ತಾರೆ. ಗಾಯಗೊಂಡ ಚಿರತೆಯನ್ನು ಹುಡುಕಿ ಪೊದೆಗೆ ನುಗ್ಗುವಾಗ ಹಳಬರಲ್ಲಿ ಅನೇಕರು ದೊಡ್ಡ ರೈಫಲನ್ನು ಬದಿಗಿಟ್ಟು, ದಪ್ಪ ಚರೆ ತುಂಬಿದ ಹನ್ನೆರಡು ಬೋರಿನ ಬಂದೂಕನ್ನೇ ಹಿಡಿಯುತ್ತಿದ್ದರು.

ಒದೆತದ ವಿಚಾರವನ್ನು ಗಣಿಸದೆ ಬಂದೂಕನ್ನು ಆರಿಸುವವನು ಅರ್ಧ ಮಾತ್ರ ಆರಿಸಿದಂತೆ. ಐದು ಕಿಲೋಗ್ರಾಮಿನ .470 ರೈಫಲು, ಗುಂಡಿನ ಸಂವೇಗವೊಂದರಿಂದಲೇ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚಿನ ವೇಗದಲ್ಲಿ ಭುಜವನ್ನು ಗುದ್ದುತ್ತದೆ. ಮದ್ದಿನ ಅನಿಲದ ಪಾಲು ಸೇರಿದರೆ ಇನ್ನೂ ಮೇಲೆ. ಎರಡು ಸಲ ಈ ಗುದ್ದು ತಿಂದವನು ಮೂರನೆಯ ಸಲ ಕುದುರೆಯನ್ನೊತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ವರ್ಷಕ್ಕೆ ಬೆರಳೆಣಿಕೆಯ ತೋಟಾಗಳನ್ನು ಹಾರಿಸುವ ಕಾವಲುಗಾರನ ಕೈಗೆ ಇಂಥದ್ದನ್ನು ಕೊಟ್ಟರೆ, ಗಾಯಗೊಂಡ ಮೃಗಗಳನ್ನು ತಯಾರಿಸಿದಂತಾಗುವುದು. ಗಾಯಗೊಂಡ ಮೃಗವೆಂದರೆ ಏನೆಂಬುದಕ್ಕೆ ಕಾರ್ಬೆಟ್ಟರೇ ಸಾಕ್ಷಿ: 1907ರಲ್ಲಿ ಅವರು ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆ ಯಾರೋ ಹೊಡೆದ ಗುಂಡಿನಿಂದ ಮುರಿದಿದ್ದುವು.

ಹಳೆಯ ಶಿಕಾರಿಯ ಕಾಲಕ್ಕೂ ಈಗಿನದಕ್ಕೂ ಇನ್ನೊಂದು ಮಹತ್ತರ ಭೇದವಿದೆ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಬೇಟೆ ಅಂದು ಶ್ರೀಮಂತರ ವಿನೋದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಗೆ ರೈಫಲನ್ನು ಆರಿಸುವ ಪ್ರಶ್ನೆ ಖಾಸಗಿ ಮನುಷ್ಯನಿಗೆ ಉಳಿದಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಚಿರತೆಯನ್ನೋ ಕರಡಿಯನ್ನೋ ಕೊಲ್ಲಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಸಹಿತವಾಗಿ ಲಿಖಿತ ಆಜ್ಞೆ ಕೊಡಬೇಕು. ಹಿಡಿಯಲು, ಮತ್ತುಬರಿಸಲು, ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಅವರಿಗೆ ಮನವರಿಕೆಯಾಗಿರಬೇಕು. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಹೊಡೆದವನಿಗೆ ಮಾತ್ರ ಕಾಯಿದೆ ವಿನಾಯಿತಿ ನೀಡುತ್ತದೆ. ಆದುದರಿಂದ ಇಂದು ಆಯುಧವನ್ನು ಆರಿಸುವ ಹೊಣೆ ಅರಣ್ಯ ಇಲಾಖೆಯದು. ಆ ಆಯ್ಕೆಯಲ್ಲಿ ಮೊದಲನೆಯ ಸ್ಥಾನ ಅರಿವಳಿಕೆಯ ಬಂದೂಕಿನದು.

ಈ ಬಂದೂಕಿನ ಭೌತಶಾಸ್ತ್ರ ಮೇಲೆ ಹೇಳಿದುದಕ್ಕೆ ತಲೆಕೆಳಗು. ಇಲ್ಲಿ ಶಕ್ತಿ ಹೆಚ್ಚಾದರೆ ಅನರ್ಥ: ಔಷಧ ತುಂಬಿದ ಸೂಜಿ ಮಾಂಸದಲ್ಲಿ ನಾಟಿ ನಿಲ್ಲಬೇಕು, ಮೂಳೆ ಮುರಿಯಬಾರದು. ಆದುದರಿಂದ ದೂರಕ್ಕೆ ತಕ್ಕಂತೆ ಅನಿಲದ ಒತ್ತಡವನ್ನು ತಿದ್ದಿಕೊಳ್ಳಬೇಕು. ಮೃಗದ ತೂಕವನ್ನು ಕಣ್ಣಳತೆಯಿಂದ ಊಹಿಸಿ ಕೆಟಮಿನ್, ಕ್ಸೈಲಜಿನ್ ಔಷಧಗಳ ಪ್ರಮಾಣವನ್ನು ಗೊತ್ತುಮಾಡಬೇಕು. ಇದು ಪಶುವೈದ್ಯನ ಕೆಲಸವೇ ಹೊರತು ಬಂದೂಕುಗಾರನದಲ್ಲ. ಔಷಧ ಏರಲು ಹಲವು ನಿಮಿಷಗಳು ಬೇಕಾಗುವುದರಿಂದ ಮೈಮೇಲೆ ಬರುತ್ತಿರುವ ಮೃಗಕ್ಕೆ ಇದು ಪರಿಹಾರವೂ ಅಲ್ಲ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ, ಸಿಕ್ಕಿಬೀಳುವ ಮೊದಲು ಹಲವರನ್ನು ಗಾಯಗೊಳಿಸಿದುದನ್ನು ದೇಶವೇ ನೋಡಿತು. ಆನೆಗೊಂದಿಯ ಬಂಡೆಗಳಲ್ಲಿ ಇನ್ನೂ ಒಂದು ತೊಡಕು: ಸೂಜಿ ತಗುಲಿದ ಚಿರತೆ ಮತ್ತೇರುವ ಮುನ್ನ ಗವಿಯನ್ನು ಹೊಕ್ಕರೆ ಅದನ್ನು ಹೊರತೆಗೆಯುವವರಾರು? ಬಂಡೆಯ ತುದಿಯಿಂದ ಬಿದ್ದರೆ ಬದುಕಿಸುವವರಾರು? ಆದುದರಿಂದ ಗುಡ್ಡದಲ್ಲಿ ಬೋನು, ಮನೆಯನ್ನೋ ಬಾವಿಯನ್ನೋ ಹೊಕ್ಕಿದ್ದರೆ ಸೂಜಿ ಎಂಬುದು ನನಗೆ ಯುಕ್ತವಾಗಿ ತೋರುತ್ತದೆ. ಬೋನಿಗೆ ಬಿದ್ದುದನ್ನು ಕಂಡಕಂಡಲ್ಲಿ ಬಿಡುವುದೂ ಜಾಣತನವಲ್ಲ. ಪುಣೆ ಜಿಲ್ಲೆಯ ಜುನ್ನರದಲ್ಲಿ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟಮೇಲೆ, ಬಿಟ್ಟ ಸ್ಥಳಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ 2011ರಲ್ಲಿ ತೋರಿಸಿಕೊಟ್ಟಿತು.

ಕರಡಿಯ ಮಾತು ಬೇರೆ. ಅದು ಮನುಷ್ಯನನ್ನು ತಿನ್ನುವುದಕ್ಕಾಗಿ ಕೊಲ್ಲುವುದಿಲ್ಲ. ಕಣ್ಣು ಕಿವಿ ಮಂದ. ಗೆದ್ದಲು ಹುತ್ತವನ್ನು ಬಗೆಯುತ್ತಲೋ ಸೀತಾಫಲ, ಬೋರೆಹಣ್ಣುಗಳನ್ನು ಮೆಲ್ಲುತ್ತಲೋ ಇರುವಾಗ ಮನುಷ್ಯ ತೀರ ಹತ್ತಿರಕ್ಕೆ ಬಂದುದು ತಿಳಿಯುವುದೇ ಇಲ್ಲ. ತಿಳಿದಾಗ ಗಾಬರಿಯಿಂದ ಮುಖಕ್ಕೇ ಎರಗುತ್ತದೆ. ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೊರಟ ರೈತನ ಹೆಗಲಲ್ಲಿ .470 ಇದ್ದರೂ ಅದನ್ನು ಇಳಿಸಲು ಅವಕಾಶ ಸಿಕ್ಕದು. ಅವನಿಗೆ ಬೇಕಾದುದು ಬೆಳಕು, ಜತೆಗೊಬ್ಬ ಮನುಷ್ಯ, ದಾರಿಯುದ್ದಕ್ಕೂ ಗಟ್ಟಿಯಾದ ಮಾತು. ಪಂಪಿನ ವಿದ್ಯುತ್ತು ಹಗಲಿನಲ್ಲಿ ಬಂದರಂತೂ ಅವನು ಆ ಹೊತ್ತಿನಲ್ಲಿ ಹೊರಡಬೇಕಾದುದೇ ಇಲ್ಲ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕಿನಿಂದ ಕರಡಿಗೆ ಸಣ್ಣ ಚರೆ ಹಾರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ದಟ್ಟವಾದ ಕೂದಲಿನಲ್ಲಿ ಮೈಯ ಅಂಚೇ ತಿಳಿಯದು. ಚರೆ ಚರ್ಮದಡಿಯಲ್ಲಿ ಉಳಿದು, ಕೀವು ತುಂಬಿದ ಕರಡಿ ಮರುದಿನ ಇನ್ನೊಬ್ಬರಿಗೆ ಎದುರಾಗುವುದು.

ಇಷ್ಟಾಗಿಯೂ ಕೊಲ್ಲುವ ಆಜ್ಞೆ ಹೊರಡಬೇಕಾದ ದುರ್ದಿನ ಬರಬಹುದು. ಆಗ ಬೇಕಾದುದು ಏಳು ಮಿಲಿಮೀಟರಿನಿಂದ ಒಂಬತ್ತೂವರೆ ಮಿಲಿಮೀಟರಿನವರೆಗಿನ ಸಾಧಾರಣ ರೈಫಲು, ಮೈಯೊಳಗೆ ಹೂವಿನಂತೆ ಅರಳಿ ಅಲ್ಲಿಯೇ ನಿಲ್ಲುವ ಮೃದುಮೂತಿಯ ಗುಂಡು, ಒಳ್ಳೆಯ ದೂರದರ್ಶಕ, ಮತ್ತು ತಿಂಗಳು ತಿಂಗಳೂ ಗುರಿಯ ಅಭ್ಯಾಸ ಮಾಡುವ, ಹೆಸರು ಗೊತ್ತುಪಡಿಸಿದ ಇಬ್ಬರು ಸಿಬ್ಬಂದಿ. ಹೊರಗಿನಿಂದ ಹವ್ಯಾಸಿ ಶಿಕಾರಿಗಳನ್ನು ಕರೆತರುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಂದು ದೊಡ್ಡ ರೈಫಲಿಗೂ ಅದರ ತೋಟಾಗಳಿಗೂ ತಗಲುವ ಹಣದಲ್ಲಿ ಈ ಇಬ್ಬರ ಅನೇಕ ವರ್ಷಗಳ ಅಭ್ಯಾಸ ನಡೆಯುತ್ತದೆ. ಹೊಳೆಯ ಆಚೆ ಕಮಲಾಪುರದಲ್ಲಿ ಪ್ರಾಣಿಸಂಗ್ರಹಾಲಯವಿದೆ, ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಕೊಪ್ಪಳ ಜಿಲ್ಲೆಯ ಪಶುವೈದ್ಯರಲ್ಲಿ ಇಬ್ಬರನ್ನೋ ಮೂವರನ್ನೋ ಅಲ್ಲಿಗೆ ಕಳುಹಿಸಿ ಅರಿವಳಿಕೆಯ ವಿದ್ಯೆಯನ್ನು ಕಲಿಸುವುದು ಕಷ್ಟವೇನಲ್ಲ. ಕುಷ್ಟಗಿಯ ಹಳ್ಳಿಯೊಂದರ ಮನೆಯೊಳಗೆ ಚಿರತೆ ಸಿಕ್ಕಿಕೊಂಡಾಗ, ಹೊರಗೆ ನೂರಾರು ಜನ ಕಲ್ಲು ಹಿಡಿದು ನಿಂತಿರುವಾಗ, ಹೊಳೆಯಾಚೆಯಿಂದ ವೈದ್ಯರು ಬರುವ ಒಂದೂವರೆ ಎರಡು ಗಂಟೆಯಲ್ಲಿಯೇ ಅನಾಹುತವೆಲ್ಲ ನಡೆದುಹೋಗುತ್ತದೆ.