ಆಡಿಸಿದವರು ಬರೆಯಲಿ

ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ, ಕೇಳಿ ನುಂಗಿಕೊಂಡೂ ಇದ್ದೇವೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರನ್ನು ನಾನು ಈಚೆಗೆ ಕಾಣುತ್ತಿದ್ದೇನೆ. ಇವರು ಅಡುಗೆ ಮಾಡಿದವರಲ್ಲ, ಬಡಿಸಿದವರಲ್ಲ, ಕೊನೆಗೆ ಉಂಡವರೂ ಅಲ್ಲ. ಪಾತ್ರೆಯ ಹೊಳಪು ನೋಡಿ ಸಾರು ಬಹಳ ಚೆನ್ನಾಗಿದೆ ಎಂದು ಬರೆಯುವವರು.

ಯಾರ ಮಾತು ಎನ್ನುತ್ತೀರಾ? ಹೇಳುತ್ತೇನೆ. ನಾಲ್ಕೈದು ಜನ ಸುತ್ತ ಕುಳಿತು ಮಾತಿನಲ್ಲೇ ಆಡುವ ಒಂದು ಆಟವಿದೆ. ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬಳು ಕತ್ತಿ ಹಿಡಿದವಳು, ಒಬ್ಬಳು ಮಂತ್ರ ಬಲ್ಲವಳು, ಇನ್ನೊಬ್ಬಳು ಬೀಗ ಒಡೆಯುವ ಕಳ್ಳಿ. ನಡೆಸುವವರು ಮಾತ್ರ ಒಬ್ಬರೇ. “ಮಳೆ ಹೊಯ್ಯುತ್ತಿದೆ, ಎದುರಿಗೆ ಕೋಟೆಯ ಬಾಗಿಲು, ಒಳಗೆ ಯಾರೋ ಕೆಮ್ಮಿದ ಸದ್ದು. ಏನು ಮಾಡುತ್ತೀರಿ?” ಎಂದು ಅವರು ಕೇಳಬೇಕು. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸಿ ತೀರ್ಮಾನ. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಇಂಥ ಮೊದಲ ಆಟ ಅಚ್ಚಾಗಿ ಬಂತು. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ, ಬೆಲೆ 10 ಡಾಲರು, ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿ.

ನಡೆಸುವವರನ್ನು ಅಲ್ಲಿ ಗೇಮ್ ಮಾಸ್ಟರ್ ಎನ್ನುತ್ತಾರೆ. ನಾನು ಸೂತ್ರಧಾರ ಎನ್ನುತ್ತೇನೆ. ನಮ್ಮ ಬೀದಿಯ ಹುಡುಗಿಯರು ಐವರು ಸುಮ್ಮನೆ ಟೀಚರ್ ಎನ್ನುತ್ತಾರೆ. ಅಕ್ಕನ ಮಗ ಬೆಂಗಳೂರಿನಿಂದ ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದ ಪುಸ್ತಕಗಳಿಂದ ಇದು ಶುರುವಾಯಿತು. ಮೂರು ವರ್ಷದಿಂದ ಭಾನುವಾರ ಮಧ್ಯಾಹ್ನ ಹಜಾರದಲ್ಲಿ ಜಮಖಾನೆ ಹಾಸಿ ಆಡಿಸುತ್ತಿದ್ದೇನೆ. ಐವತ್ತು ದಾಟಿದವಳಿಗೆ ಇದೇನು ಹುಚ್ಚು ಎಂದವರಿದ್ದಾರೆ. ಇರಲಿ.

ಈ ಸೂತ್ರಧಾರನ ಕೆಲಸ ಎಂಥದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ಮನೆಯ ಯಜಮಾನಿಯನ್ನು ನೆನೆಸಿಕೊಂಡರೆ ಸಾಕು. ಉಳಿದವರು ಕೈ ಬೀಸಿಕೊಂಡು ಬರುತ್ತಾರೆ. ಇವಳು ಹಿಂದಿನ ರಾತ್ರಿಯೇ ಕೂತು ಕೋಟೆಯ ನಕ್ಷೆ ಬರೆದಿರಬೇಕು. ಯಾವ ಕೋಣೆಯಲ್ಲಿ ಏನಿದೆ, ಕಾವಲುಗಾರನ ಹೆಸರೇನು, ಮುದುಕಿ ಯಾಕೆ ಸುಳ್ಳು ಹೇಳುತ್ತಾಳೆ, ಎಲ್ಲ ಗೊತ್ತಿರಬೇಕು. ಅಷ್ಟು ಸಿದ್ಧಮಾಡಿಕೊಂಡು ಕೂತರೆ ಹುಡುಗಿಯರು ಕೋಟೆಯನ್ನೇ ಬಿಟ್ಟು ಕಾಡಿಗೆ ಹೋಗುತ್ತೇವೆ ಎನ್ನುತ್ತಾರೆ. ಆಗ ಕಾಡನ್ನು ಅಲ್ಲೇ ಹುಟ್ಟಿಸಬೇಕು.

ಈ ದುಡಿಮೆಯನ್ನು ಹಗುರ ಮಾಡುತ್ತೇವೆ ಎಂದು ಹೇಳಿಕೊಂಡು ಪುಸ್ತಕ, ನಕ್ಷೆ, ಚೀಟಿಕಟ್ಟು, ಮರೆಪಟ್ಟಿ, ಫೋನಿನ ಆ್ಯಪು ಎಂದು ರಾಶಿ ರಾಶಿ ಸಾಮಾನು ಮಾರಾಟಕ್ಕಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಐದನೆಯ ಆವೃತ್ತಿ 2014ರಲ್ಲಿ ಬಂದಾಗ ಮುಖ್ಯ ಪುಸ್ತಕಗಳೇ ಮೂರು, ಒಂದೊಂದಕ್ಕೂ ಸುಮಾರು 50 ಡಾಲರು. ಕೊಳ್ಳುವ ಮುಂಚೆ ವಿಮರ್ಶೆ ಓದೋಣ ಎನಿಸುವುದು ಸಹಜ ತಾನೆ? ಓದಿ ನೋಡಿ. ಕಾಗದ ದಪ್ಪ, ಹೊಲಿಗೆ ಗಟ್ಟಿ, ಚಿತ್ರಗಳು ಕಣ್ಣಿಗೆ ಹಬ್ಬ, ನಕ್ಷೆ ನಾಲ್ಕು ಬಣ್ಣದಲ್ಲಿದೆ. ಐದಕ್ಕೆ ಐದು ನಕ್ಷತ್ರ. ಸೀರೆ ಅಂಗಡಿಯವನೂ ಇದಕ್ಕಿಂತ ಹೆಚ್ಚು ಹೇಳುತ್ತಾನೆ, ಒಂದು ಒಗೆತಕ್ಕೆ ಬಣ್ಣ ಬಿಡುತ್ತದೋ ಇಲ್ಲವೋ ಎಂದಾದರೂ ಹೇಳುತ್ತಾನೆ.

ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ವೈಟ್ ಡ್ವಾರ್ಫ್ ಎಂಬ ಪತ್ರಿಕೆಯಲ್ಲಿ ಹೊಸ ಆಟಗಳ ವಿಮರ್ಶೆಗೆ ಓಪನ್ ಬಾಕ್ಸ್ ಎಂಬ ಅಂಕಣವಿತ್ತು. ಪೆಟ್ಟಿಗೆ ತೆರೆದು ನೋಡುವುದು ಎಂದರ್ಥ. ಈಗಿನವರಲ್ಲಿ ಬಹಳ ಮಂದಿ ಪೆಟ್ಟಿಗೆ ತೆರೆಯುತ್ತಾರೆ, ಕ್ಯಾಮೆರಾ ಮುಂದೆ ಹೊದಿಕೆ ಹರಿದು ಪುಟ ತಿರುವುತ್ತಾರೆ, ಅಲ್ಲಿಗೆ ಮುಗಿಯಿತು. “ಟೀಚರ್, ನಾನು ಛಾವಣಿಯಿಂದ ಕುದುರೆಯ ಮೇಲೆ ಹಾರಬಹುದಾ?” ಎಂದು ಒಬ್ಬಳು ಕೇಳಿದಾಗ, ಉಳಿದ ನಾಲ್ವರು ಬಾಯಿಬಿಟ್ಟು ನೋಡುತ್ತಿರುವಾಗ, ಅದರ ನಿಯಮ ಈ ದಪ್ಪ ಪುಸ್ತಕದಲ್ಲಿ ಅರ್ಧ ನಿಮಿಷದೊಳಗೆ ಸಿಗುತ್ತದೋ? ನನಗೆ ಬೇಕಾದ ವಿಮರ್ಶೆ ಅದು. ಪುಟ ತಿರುವಿದವನಿಗೆ ಅದು ಗೊತ್ತಾಗುವುದು ಹೇಗೆ?

ಇದು ಬರೀ ಸೋಮಾರಿತನವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯಾರು ಆಡಿಸಿ ನೋಡುತ್ತಾರೆ, ಯಾರ ಜೊತೆ ಆಡಿಸುತ್ತಾರೆ ಎಂಬುದರ ಮೇಲೆ ಏನು ಕಣ್ಣಿಗೆ ಬೀಳುತ್ತದೆ ಎಂಬುದು ನಿಂತಿದೆ. ಇದೇ ಆಟದ 1978ರ ನಿಯಮ ಪುಸ್ತಕ ತೆಗೆಯಿರಿ. ಅದರಲ್ಲಿ ಯೋಧರ ದೇಹಬಲ ಅಳೆಯುವ ಒಂದು ಕೋಷ್ಟಕವಿದೆ. ಬಲ 18 ಮುಟ್ಟಿದ ಮೇಲೆ ಶೇಕಡಾ ಲೆಕ್ಕದಲ್ಲಿ ಇನ್ನಷ್ಟು ಏರಬಹುದು. ಗಂಡು ಮನುಷ್ಯನಿಗೆ ಆ ಏರಿಕೆ ನೂರರವರೆಗೆ, ಹೆಣ್ಣಿಗೆ ಐವತ್ತಕ್ಕೆ ನಿಲ್ಲುತ್ತದೆ. ಬೆಂಕಿ ಉಗುಳುವ ಸರ್ಪ ಇರಬಹುದು, ಸತ್ತವರು ಎದ್ದು ನಡೆಯಬಹುದು, ಹೆಣ್ಣು ಮಾತ್ರ ಗಂಡಿನಷ್ಟು ಬಲಶಾಲಿಯಾಗುವಂತಿಲ್ಲ! ಮರುವರ್ಷ, 1979ರಲ್ಲಿ, ಸೂತ್ರಧಾರರಿಗೆಂದೇ ಬಂದ ಪುಸ್ತಕದಲ್ಲಿ ಊರ ಬೀದಿಯಲ್ಲಿ ಯಾರು ಎದುರಾಗುತ್ತಾರೆ ಎಂದು ದಾಳ ಹಾಕಿ ನೋಡುವ ಪಟ್ಟಿಯಿದೆ. ಅದರಲ್ಲಿ ವೇಶ್ಯೆಯರಲ್ಲೇ ಹತ್ತಕ್ಕೂ ಹೆಚ್ಚು ಬಗೆ ಮಾಡಿ, ಬೇರೆ ಉಪಪಟ್ಟಿ ಕೊಟ್ಟಿದ್ದಾರೆ. ಹದಿಮೂರರ ಹುಡುಗಿಯರನ್ನು ಕೂರಿಸಿಕೊಂಡು ಒಂದು ಸಂಜೆ ಆಡಿಸಿದವಳು ಇವೆರಡನ್ನೂ ಮೊದಲ ಸಾಲಿನಲ್ಲಿ ಬರೆಯುತ್ತಿದ್ದಳು. ಬಲದ ಆ ಮಿತಿ ಹೋದದ್ದು 1989ರ ಎರಡನೆಯ ಆವೃತ್ತಿಯಲ್ಲಿ. ಹನ್ನೊಂದು ವರ್ಷ!

ಹೆಂಗಸರು ಇರಲಿಲ್ಲವೆಂದಲ್ಲ. ಆ ಕಂಪನಿಯಲ್ಲಿ ಆಟ ರಚಿಸುವ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಜೀನ್ ವೆಲ್ಸ್. ಆಕೆ ಬರೆದ ‘ಪ್ಯಾಲೆಸ್ ಆಫ್ ದ ಸಿಲ್ವರ್ ಪ್ರಿನ್ಸೆಸ್’ ಎಂಬ ಕಥಾಪುಸ್ತಿಕೆ 1981ರಲ್ಲಿ ಅಚ್ಚಾಯಿತು. ಅಚ್ಚಾದ ಕೂಡಲೇ ಕಂಪನಿಯೇ ಹಿಂದಕ್ಕೆ ತೆಗೆದುಕೊಂಡಿತು. ತಕರಾರು ಹೆಚ್ಚಾಗಿ ಇದ್ದದ್ದು ಒಳಗಿನ ಚಿತ್ರಗಳ ಬಗ್ಗೆ. ಆದರೆ ಹಸಿರು ಹೊದಿಕೆಯಲ್ಲಿ ಮತ್ತೆ ಬಂದಾಗ ಕಥೆಯನ್ನೂ ಟಾಮ್ ಮೋಲ್ಡ್‌ವೇ ಎಂಬವರು ತಿದ್ದಿ ಬರೆದಿದ್ದರು. ಅಳಿದುಳಿದ ಕಿತ್ತಳೆ ಬಣ್ಣದ ಮೊದಲ ಪ್ರತಿಗಳನ್ನು ಈಗ ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ಕೊಂಡು ಗಾಜಿನ ಬೀರುವಿನಲ್ಲಿ ಇಡುತ್ತಾರೆ.

ಸಾಮಾನಿನ ಮಾತಿಗೆ ಬರೋಣ. ಸೂತ್ರಧಾರನ ಮರೆಪಟ್ಟಿ ಎಂಬುದೊಂದಿದೆ. ಮೂರೋ ನಾಲ್ಕೋ ಮಡಿಕೆಯ ದಪ್ಪ ರಟ್ಟು. ಇಲಿನಾಯ್ ರಾಜ್ಯದ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆ 1977ರಲ್ಲೇ ಮಾಡಿ ಮಾರಿತು. ಒಳಮೈಯಲ್ಲಿ ಕೋಷ್ಟಕಗಳು, ಹೊರಮೈ ಆಡುವವರ ಕಡೆಗೆ. ನನ್ನ ಟಿಪ್ಪಣಿ ಅವರಿಗೆ ಕಾಣಬಾರದು ಎಂದು ಈ ಗೋಡೆ. ಮೇಜು ಕುರ್ಚಿಯ ಮನೆಯಲ್ಲಿ ಸರಿಯೇನೋ. ಜಮಖಾನೆಯ ಮೇಲೆ ಚಕ್ಕಳಮಕ್ಕಳ ಕೂತವರಿಗೆ ಅದು ಕುತ್ತಿಗೆಯವರೆಗೆ ಬರುತ್ತದೆ, ಸಣ್ಣ ಹುಡುಗಿಗೆ ನನ್ನ ಮುಖವೇ ಕಾಣದು. ಕಥೆ ಹೇಳುವವಳ ಮುಖ ಕಾಣದಿದ್ದರೆ ಅದು ರೇಡಿಯೋ ಅಷ್ಟೆ. ನಾನು ಅದನ್ನು ನೆಲಕ್ಕೆ ಮಲಗಿಸಿ ನಕ್ಷೆಯ ಅಡಿಗೆ ಒತ್ತಾಗಿ ಬಳಸುತ್ತೇನೆ. ಆ್ಯಪುಗಳದ್ದು ಇನ್ನೊಂದು ಕಥೆ. ಕ್ಷಣದಲ್ಲಿ ಊರು ಹುಟ್ಟಿಸಿಕೊಡುತ್ತದೆ ಎಂದು ಹೊಗಳಿದ್ದ ಒಂದನ್ನು ಕೇಳಿ ನೋಡಿದೆ. ಮೂರು ಸಲವೂ ಗಡ್ಡದ ಮುದುಕ ನಡೆಸುವ ಹೋಟೆಲೇ ಬಂತು.

ಎಲ್ಲವೂ ಕೆಟ್ಟದ್ದು ಎಂದರೆ ಅನ್ಯಾಯವಾದೀತು. ಈ ಆಟದ ಹಲವು ಮುಖದ ದಾಳಗಳು ಮೊದಲು ಎಲ್ಲಿಂದ ಬಂದವು ಗೊತ್ತೇ? ಗೈಗ್ಯಾಕ್ಸ್ ಅವನ್ನು ತರಿಸಿದ್ದು ಶಾಲೆಗಳಿಗೆ ಪಾಠೋಪಕರಣ ಮಾರುವವರ ಕ್ಯಾಟಲಾಗು ನೋಡಿ! ಗಣಿತದ ಮೇಷ್ಟರ ಸಾಮಾನು. ಮೈಕ್ ಶೇ ಎಂಬವರು 2018ರಲ್ಲಿ ಸೋಮಾರಿ ಸೂತ್ರಧಾರರಿಗೆಂದು ಒಂದು ಪುಸ್ತಕ ಬರೆದರು. ಕಥೆಯನ್ನೆಲ್ಲ ಬರೆದಿಡಬೇಡಿ, ಹತ್ತು ಗುಟ್ಟುಗಳನ್ನು ಬರೆದುಕೊಳ್ಳಿ, ಯಾವ ಗುಟ್ಟು ಎಲ್ಲಿ ಯಾರ ಬಾಯಿಂದ ಹೊರಬೀಳುತ್ತದೆಂದು ಮೊದಲೇ ಕಟ್ಟಿಹಾಕಬೇಡಿ ಎನ್ನುತ್ತಾರೆ. ಆಡಿಸಿ ದಣಿದವನ ಮಾತು ಅದು, ಓದಿದ ಕೂಡಲೇ ತಿಳಿಯುತ್ತದೆ. ಶನಿವಾರ ರಾತ್ರಿ ಎರಡು ಗಂಟೆ ಹಿಡಿಯುತ್ತಿದ್ದ ನನ್ನ ಸಿದ್ಧತೆ ಅರ್ಧ ಗಂಟೆಗೆ ಇಳಿಯಿತು.

ಇನ್ನೊಂದು, ಎಕ್ಸ್ ಕಾರ್ಡು. ಜಾನ್ ಸ್ಟಾವ್ರೊಪೊಲಸ್ ಎಂಬ ಅಮೆರಿಕನ್ನರು ಹೇಳಿಕೊಟ್ಟ ಉಪಾಯ. ಒಂದು ಚೀಟಿಯ ಮೇಲೆ ನಾವು ಉತ್ತರ ಪತ್ರಿಕೆಯಲ್ಲಿ ಹಾಕುವ ತಪ್ಪು ಗುರುತಿನಂತೆ ಎರಡು ಗೆರೆ. ಅದು ನಡುವೆ ಇರುತ್ತದೆ. ಕಥೆಯಲ್ಲಿ ಬಂದ ಯಾವುದೋ ಸಂಗತಿ ಬೇಡವೆನಿಸಿದರೆ ಚೀಟಿ ಮುಟ್ಟಿದರಾಯಿತು, ಕಾರಣ ಹೇಳಬೇಕಾಗಿಲ್ಲ. ಮಕ್ಕಳಾಟಕ್ಕೆ ಇಷ್ಟೊಂದು ನಾಜೂಕೇ ಎಂದು ಇದನ್ನು ಹಂಗಿಸಿ ಬರೆದವರಿದ್ದಾರೆ. ಅವರ ಹಜಾರದಲ್ಲಿ ಬೇರೆಯವರ ಮನೆಯ ಹೆಣ್ಣುಮಕ್ಕಳು ಕೂತಿರಲಾರರು. ನಮ್ಮಲ್ಲಿ ಒಂದು ಭಾನುವಾರ ಬಾವಿಯ ಪ್ರಸಂಗ ಬಂತು. ಐವರಲ್ಲಿ ಒಬ್ಬಳು ಸುಮ್ಮನೆ ಕೈ ಚಾಚಿ ಚೀಟಿ ಮುಟ್ಟಿದಳು. ಅಲ್ಲಿ ಬಾವಿ ಇಲ್ಲ, ಮಾವಿನ ಮರ ಇದೆ ಎಂದೆ. ಕಥೆ ಮುಂದಕ್ಕೆ ಹೋಯಿತು. ಏಕೆ ಎಂದು ಯಾರೂ ಕೇಳಲಿಲ್ಲ, ನಾನೂ ಇದುವರೆಗೆ ಕೇಳಿಲ್ಲ. ಇಪ್ಪತ್ತು ಪೈಸೆಯ ಚೀಟಿ. ಇದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?

ನನ್ನ ಸಿಟ್ಟಿನ ಬೇರು ಶಾಲೆಯಲ್ಲಿದೆ, ಮುಚ್ಚಿಡುವುದೇಕೆ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಬೋಧನಾ ಪೆಟ್ಟಿಗೆಗಳು ಬಂದಿಲ್ಲ! ತರಬೇತಿಯಲ್ಲಿ ಅವನ್ನು ಹೊಗಳಿದವರು ನಲವತ್ತೈದು ಮಕ್ಕಳ ಮುಂದೆ ಅದರ ಮುಚ್ಚಳ ತೆಗೆದವರಲ್ಲ. ಒಂದರಲ್ಲಿ ಗೋಲಿಗಳಿದ್ದವು, ಮೊದಲ ದಿನವೇ ಮಾಯ. ಇನ್ನೊಂದಕ್ಕೆ ಬೀರುವೇ ಗತಿಯಾಯಿತು, ಒಡೆದರೆ ನಮ್ಮ ಸಂಬಳಕ್ಕೆ ಬರುತ್ತದಲ್ಲ! ಆದರೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ ಕಲಿಯ ಕಾರ್ಡುಗಳನ್ನು ಮಾಡುವಾಗ ತರಗತಿಯಲ್ಲಿ ನಿಂತ ಶಿಕ್ಷಕರೇ ಕೂತಿದ್ದರು. ಕೊರತೆ ಅದಕ್ಕೂ ಇರಬಹುದು, ಆದರೆ ಮಕ್ಕಳ ಕೈಗೆ ಸಿಕ್ಕಿತು.

ವಾರಕ್ಕೊಂದು ಪುಸ್ತಕ ಬರುತ್ತದೆ, ಎಲ್ಲವನ್ನೂ ಆಡಿಸಿ ಬರೆಯುವುದು ಹೇಗೆ ಎಂದು ಅಕ್ಕನ ಮಗ ವಾದಿಸುತ್ತಾನೆ. ಹಾಗಾದರೆ ಕಡಿಮೆ ಬರೆಯಿರಿ ಮಾರಾಯರೇ. ಇಲ್ಲವೇ ಮೊದಲ ಸಾಲಿನಲ್ಲೇ “ಓದಿದ್ದೇನೆ, ಆಡಿಸಿಲ್ಲ” ಎಂದು ಬರೆದುಬಿಡಿ. ಆಡಿಸಿದ್ದರೆ ಎಷ್ಟು ದಿನ, ಎಷ್ಟು ಜನ, ಯಾವ ವಯಸ್ಸಿನವರು ಎಂದು ಹೇಳಿ. ಮಾತಿಗೆ ತಪ್ಪಬಾರದೆಂದು ನನ್ನದೊಂದನ್ನು ಇಲ್ಲಿ ಕೊಡುತ್ತೇನೆ.

ಪುಸ್ತಿಕೆ: ‘ಇನ್ ಸರ್ಚ್ ಆಫ್ ದಿ ಅನ್‌ನೋನ್’, ಬರೆದವರು ಮೈಕ್ ಕಾರ್, ಎಪ್ಪತ್ತರ ದಶಕದ ಕೊನೆಯದು. ಆಡಿಸಿದ್ದು ಏಳು ಭಾನುವಾರ, ಹನ್ನೆರಡರಿಂದ ಹದಿನಾಲ್ಕು ವರ್ಷದ ಐವರು ಹುಡುಗಿಯರಿಗೆ. ಕೋಟೆಯ ಹೆಸರು ಕ್ವಾಸ್ಕ್ವಿಟನ್, ನಾಲಗೆ ಹೊರಳದೆ ಹುಡುಗಿಯರು ಕಷ್ಟಕೋಟೆ ಎಂದು ಮಾಡಿಕೊಂಡರು. ಕೋಣೆಗಳ ವರ್ಣನೆ ಉದ್ದ, ನಾನು ಓದಿ ಕನ್ನಡಕ್ಕೆ ತಿರುಗಿಸಿ ಹೇಳುವಷ್ಟರಲ್ಲಿ ಇಬ್ಬರು ಆಕಳಿಸಿದರು. ಆದರೆ ಕೋಣೆ ಕೋಣೆಗೂ ಒಳಗೆ ಯಾವ ಪ್ರಾಣಿ, ಯಾವ ನಿಧಿ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ನಡೆಸುವವಳೇ ಪಟ್ಟಿ ನೋಡಿ ತುಂಬಿಕೊಳ್ಳಬೇಕು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹದಿನಾಲ್ಕು ಕೊಳಗಳಿರುವ ಕೋಣೆಯೊಂದಿದೆ, ಒಂದೊಂದು ಕೊಳದಲ್ಲೂ ಬೇರೆ ಬೇರೆ. ಅಲ್ಲಿಂದ ಹುಡುಗಿಯರು ಎರಡು ಭಾನುವಾರ ಕದಲಲಿಲ್ಲ, ಚಹಾ ಆರಿಹೋಯಿತು. ನೀರು ಬೇಡವೆಂದವಳಿಗೆ ಕೋಣೆಯ ಬಾಗಿಲಲ್ಲಿ ಕಾವಲು ನಿಲ್ಲುವ ಕೆಲಸ ಕೊಟ್ಟೆ. ಒಳಗೆ ಬಂದ ಮೂರು ಕಳ್ಳರನ್ನು ಅವಳೊಬ್ಬಳೇ ಹೊರಗಟ್ಟಿದಳು.