ನೋಡುವ ಕಣ್ಣು ಯಾರದು?

ಒಂದು ಸೀರೆಗಾಗಿ ನಾವು ಹೆಂಗಸರು ಐವತ್ತು ಸೀರೆ ಬಿಚ್ಚಿಸುತ್ತೇವೆ ಎಂದು ಗಂಡಸರು ನಗುತ್ತಾರೆ. ನಗಲಿ. ಸೆರಗನ್ನು ಬೆಳಕಿಗೆ ಹಿಡಿಯುತ್ತೇವೆ, ಅಂಚನ್ನು ಉಗುರಲ್ಲಿ ಕೆರೆಯುತ್ತೇವೆ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತೇವೆ. ಉಡುವವರು ನಾವಲ್ಲವೆ? ಅದೇ ಗಂಡಸರು ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪನ್ನು ಕೊಳ್ಳುವ ಚೆಂದ ನೋಡಬೇಕು. ಡಬ್ಬಿಯ ಮೇಲಿನ ಅಂಕಿ ಓದುತ್ತಾರೆ, ದೊಡ್ಡ ಅಂಕಿ ಸಿಕ್ಕಿದ ಕೂಡಲೇ ದುಡ್ಡು ಎಣಿಸುತ್ತಾರೆ. ಅದರೊಳಗೆ ಕಣ್ಣಿಡುವವರು ಯಾರು ಎಂದು ಕೇಳುವುದೇ ಇಲ್ಲ.

ಅಡಿಗೆಮನೆಯವಳಿಗೆ ಬಂದೂಕಿನ ಉಸಾಬರಿ ಏಕೆ ಎನ್ನಬೇಡಿ. ನಮ್ಮ ತರೀಕೆರೆಯ ಕಡೆ ತೋಟವಿದ್ದ ಮನೆಯಲ್ಲಿ ಕೋವಿ ಹೊಸದೇನಲ್ಲ. ಆದರೆ ನಾನು ಹೇಳುತ್ತಿರುವುದು ಅದರ ಮಾತಲ್ಲ. 1959ರ ಆಯುಧ ಕಾಯಿದೆಯಲ್ಲೇ ಭೇದವಿದೆ: ಬೆಳೆ ಕಾಯುವುದಕ್ಕೆ ಮದ್ದು ತುಂಬುವ ಕೋವಿ, ಅದು ಸಾಲದಿದ್ದರೆ ನುಣುಪು ನಳಿಗೆಯದು, ಪಾಯಿಂಟ್ 22 ರೈಫಲ್ಲು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ, ಗುರಿ ಅಭ್ಯಾಸಕ್ಕೆ. ರಿಮ್‌ಫೈರ್ ಎನ್ನುವುದು ಇದನ್ನೇ. ತೋಟಾದ ತಳದ ಅಂಚಿನಲ್ಲೇ ಸಿಡಿಮದ್ದು ಇರುತ್ತದೆ, ಮೊಳೆ ಆ ಅಂಚಿಗೆ ಬಡಿಯುತ್ತದೆ. ಒದೆತ ಕಡಿಮೆ, ಸದ್ದು ಕಡಿಮೆ. ನಿಮ್ಮಲ್ಲಿ ಎಷ್ಟೋ ಜನ ಕಾಲೇಜಿನ ಎನ್‌ಸಿಸಿಯಲ್ಲಿ ಮರಳಿನ ಚೀಲದ ಹಿಂದೆ ಮಲಗಿ ಹಾರಿಸಿದ್ದು ಇದನ್ನೇ. ಆಮೇಲೆ ಮದುವೆಯಾಯಿತು, ಮುಗಿಯಿತು.

ನನ್ನ ಅಕ್ಕನ ಮಗಳದ್ದು ಅಲ್ಲಿಗೆ ಮುಗಿಯಲಿಲ್ಲ. ಕಡೂರಿನ ಹುಡುಗಿ, ವಯಸ್ಸು ಇಪ್ಪತ್ನಾಲ್ಕು. ದೂರದ ಊರಿನ ಕ್ಲಬ್ಬಿಗೆ ಸದಸ್ಯಳಾಗಿ, ಲೈಸೆನ್ಸ್ ತನ್ನ ಹೆಸರಿಗೇ ಮಾಡಿಸಿಕೊಂಡು, ತಿಂಗಳಿಗೆ ಎರಡು ಭಾನುವಾರ ಬಸ್ಸು ಹತ್ತಿ ಹೋಗುತ್ತಾಳೆ. ಅವಳಿಗೆ ಸ್ಕೋಪ್ ಬೇಕೆಂದಾಗ ಆರಿಸಿದವರು ಭಾವ ಮತ್ತು ಅಜ್ಜಂಪುರದ ನಮ್ಮ ಚಿಕ್ಕಪ್ಪನ ಮಗ. ಬೀರೂರು ಜಂಕ್ಷನ್ನಿನಿಂದ ಅತ್ತ ಇತ್ತ ಹರಡಿರುವ ನಮ್ಮ ನೆಂಟರಲ್ಲಿ ಇವರಿಬ್ಬರಿಗೆ ತಿಳಿಯದ ವಿಷಯವೇ ಇಲ್ಲ. ತಂದದ್ದು 24 ಪಟ್ಟು ದೊಡ್ಡದು ಮಾಡಿ ತೋರಿಸುವ, 50 ಮಿಲಿಮೀಟರ್ ಬಾಯಿಯ, ಲಟ್ಟಣಿಗೆಯಂಥ ಒಂದು ಕೊಳವೆ. ನಾಲ್ಕು ತಿಂಗಳು ಅವಳ ಗುಂಡುಗಳು ಕಾಗದದ ತುಂಬ ಚೆಲ್ಲಾಡಿದವು. ‘ಹುಡುಗಿಯರ ಕೈ ನಡುಗುತ್ತೆ ಕಣಮ್ಮ, ಅದಕ್ಕೇನು ಮಾಡೋಕಾಗುತ್ತೆ’ ಎಂದರು ಭಾವ. ಅವಳೂ ಅದನ್ನು ನಂಬತೊಡಗಿದ್ದಳು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಕೈ ನಡುಗುತ್ತದಂತೆ! 2010ರಲ್ಲಿ ಮ್ಯೂನಿಕ್‌ನಲ್ಲಿ ಕೊಲ್ಹಾಪುರದ ತೇಜಸ್ವಿನಿ ಸಾವಂತ್ ಇದೇ ಪಾಯಿಂಟ್ 22ರಲ್ಲಿ, 50 ಮೀಟರಿನಲ್ಲಿ, ವಿಶ್ವ ಚಾಂಪಿಯನ್ ಆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಿಫ್ಟ್ ಕೌರ್ ಸಮ್ರಾ 469.6 ಅಂಕ ಗಳಿಸಿ ವಿಶ್ವದಾಖಲೆ ಬರೆದರು. ಅದೂ ಸ್ಕೋಪ್ ಇಲ್ಲದೆ. ಆ ಪಂದ್ಯಗಳಲ್ಲಿ ಸ್ಕೋಪ್ ನಿಷಿದ್ಧ, ಸಣ್ಣ ತೂತಿನ ಮೂಲಕ ನೋಡಿಯೇ ಹೊಡೆಯಬೇಕು. ಹಾಗಾದರೆ ಇವಳಿಗೇಕೆ ಸ್ಕೋಪ್ ಎಂದು ನೀವು ಕೇಳಬಹುದು. ಕಲಿಯುವವಳಿಗೆ ಅದು ಒಳ್ಳೆಯ ಮೇಷ್ಟರು. ಕುದುರೆ ಎಳೆಯುವಾಗ, ಅಂದರೆ ಟ್ರಿಗರ್ ಒತ್ತುವಾಗ, ತಾನು ಏನು ತಪ್ಪು ಮಾಡುತ್ತಿದ್ದೇನೆಂದು ಕಣ್ಣೆದುರೇ ಕಾಣುತ್ತದೆ. ಮೇಷ್ಟರೇ ಸುಳ್ಳು ಹೇಳಿದರೆ?

ಸುಳ್ಳು ಹೇಗೆ ಹೇಳುತ್ತದೆ ನೋಡಿ. ಬಸ್ಸಿನ ಪಕ್ಕದ ಸೀಟಿನಿಂದ ಡ್ರೈವರನ ಮುಂದಿನ ಮುಳ್ಳು ನೋಡಿದರೆ ಒಂದು ವೇಗ, ಡ್ರೈವರನಿಗೆ ಇನ್ನೊಂದು. ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ದೊಡ್ಡ ರೈಫಲ್ಲುಗಳ ಸ್ಕೋಪನ್ನು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕೂ ದೂರಕ್ಕೆ ಹೊಂದಿಸಿರುತ್ತಾರೆ. ರಿಮ್‌ಫೈರ್‌ಗೆಂದೇ ಮಾಡಿದ್ದನ್ನು ಹೆಚ್ಚಾಗಿ 50 ಗಜಕ್ಕೆ. 100 ಗಜದ್ದನ್ನು ತಂದು 50ರಲ್ಲಿ ಬಳಸಿದರೆ ಕಣ್ಣು ಸ್ವಲ್ಪ ಸರಿದರೂ ಗುರಿ ಒಂದು ಸೆಂಟಿಮೀಟರಿನವರೆಗೆ ಸರಿಯಬಹುದು. 50 ಮೀಟರ್ ಪಂದ್ಯದ ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್! ಕೈ ಕಲ್ಲಿನಂತಿದ್ದರೂ ಗುಂಡು ಆಚೆ ಹೋಗುತ್ತದೆ. ದೂರ ಹೊಂದಿಸುವ ತಿರುಪು ಇರುವ ಸ್ಕೋಪುಗಳೂ ಇವೆ, ಅವು ಪರವಾಗಿಲ್ಲ; ಇದರಲ್ಲಿ ಅದೂ ಇರಲಿಲ್ಲ. ಪರೀಕ್ಷೆ ಸುಲಭ. ತೋಟಾ ತೆಗೆದು, ಬೋಲ್ಟ್ ಕಳಚಿಟ್ಟು, ರೈಫಲ್ಲನ್ನು ಚೀಲಗಳ ಮೇಲೆ ಅಲುಗದಂತೆ ಕೂರಿಸಿ, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸಿ. ಒಳಗಿನ ಅಡ್ಡಗೆರೆ ಗುರಿಯ ಮೇಲೆ ಓಡಾಡಿದರೆ ಅದು ನಿಮ್ಮ ದೂರದ್ದಲ್ಲ.

ಇನ್ನು ಆ 24 ಪಟ್ಟಿನ ಹೆಮ್ಮೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50ನ್ನು 24ರಿಂದ ಭಾಗಿಸಿ: ಎರಡು ಮಿಲಿಮೀಟರ್. ಸೂಜಿ ಪೋಣಿಸಿದಂತೆ ಕಣ್ಣನ್ನು ಅಲ್ಲೇ ಇಡಬೇಕು, ಕೊಂಚ ಸರಿದರೆ ಕತ್ತಲು. 32 ಮಿಲಿಮೀಟರಿನ ನಾಲ್ಕು ಪಟ್ಟಿನದಾದರೆ ಬಿಲ್ಲೆ ಎಂಟು ಮಿಲಿಮೀಟರ್, ಕಣ್ಣಿಗೆ ಎಷ್ಟು ನಿರಾಳ! ಸಾಲದ್ದಕ್ಕೆ ದಪ್ಪ ಬಾಯಿಯ ಕೊಳವೆ ನಳಿಗೆಗೆ ತಾಗದಿರಲೆಂದು ಎತ್ತರದ ಬಳೆಗಳ ಮೇಲೆ ಕೂರಿಸುತ್ತಾರೆ. ಆಗ ಕೆನ್ನೆ ಮರಕ್ಕೆ ಒರಗುವುದಿಲ್ಲ, ಕುತ್ತಿಗೆ ಕೊಕ್ಕರೆಯಂತೆ ಚಾಚಬೇಕು. ಆ ಮರದ ಹಿಡಿಯನ್ನಾದರೂ ನಮ್ಮ ತೋಳಿನ ಅಳತೆಗೆ ಯಾರು ಮಾಡಿದ್ದಾರೆ? ಹಾಗಾಗಿ ಸ್ಕೋಪನ್ನು ಹಿಂದೆ ಮುಂದೆ ಸರಿಸಿ, ಹಾರಿಸುವವಳ ಕಣ್ಣಿಗೆ ಮೂರು ನಾಲ್ಕು ಅಂಗುಲದಲ್ಲಿ ಚಿತ್ರ ಪೂರ್ತಿ ಕಾಣುವಂತೆ ಕೂರಿಸಬೇಕು. ಅಪ್ಪನ ಕಣ್ಣಿಗಲ್ಲ.

ತಿರುಪುಗಳನ್ನೂ ನೋಡಬೇಕು. ಒಂದು ಟಿಕ್ ಎಂದರೆ ಸಾಮಾನ್ಯವಾಗಿ 100 ಗಜದಲ್ಲಿ ಕಾಲು ಅಂಗುಲ, 50ರಲ್ಲಿ ಅದರ ಅರ್ಧ. ನಲವತ್ತು ಟಿಕ್ ಮೇಲೆ, ನಲವತ್ತು ಬಲಕ್ಕೆ, ಕೆಳಗೆ, ಎಡಕ್ಕೆ ತಿರುಗಿಸುತ್ತ ಒಂದೊಂದು ಕಡೆ ಹಾರಿಸಿದರೆ ರಂಗೋಲಿಯ ಚೌಕದಂತೆ ಕೊನೆಯ ಗುಂಡು ಮೊದಲಿನ ಜಾಗಕ್ಕೆ ಬರಬೇಕು. ಅಗ್ಗದ ಮಾಲು ಬರುವುದಿಲ್ಲ. ಈ ಹುಡುಗಿಯದೂ ಬರಲಿಲ್ಲ.

ಕ್ಲಬ್ಬಿನ ಹಿರಿಯ ಹೆಂಗಸೊಬ್ಬರು ತಮ್ಮ ರಿಮ್‌ಫೈರ್ ಸ್ಕೋಪನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಏಳು ಪಟ್ಟಿಗಿಂತ ಹೆಚ್ಚಿಲ್ಲ, 32 ಮಿಲಿಮೀಟರ್, 50 ಗಜಕ್ಕೆ ಹೊಂದಿಸಿದ್ದು. ಅದೇ ಹುಡುಗಿ, ಅದೇ ಕೈ, ಅದೇ ತೋಟಾ. ‘ಚಿಕ್ಕಮ್ಮ, ಐದೂ ಒಂದು ರೂಪಾಯಿ ಬಿಲ್ಲೆಯೊಳಗೆ!’ ಎಂದು ಸಂಜೆ ಫೋನು ಮಾಡಿದಳು. ಕಾಗದವನ್ನು ಭಾವನ ಮುಂದೆ ಹರವಿದಾಗ ಅವರು ‘ಆವತ್ತು ಗಾಳಿ ಇರಲಿಲ್ಲವೇನೋ’ ಎಂದರು.

ಮತ್ತೊಂದು ಚಟದ ಬಗ್ಗೆ ಹೇಳಲೇಬೇಕು. ಮನೆಗೆ ನೆಂಟರು ಬಂದರೆ ರೈಫಲ್ಲು ತೆಗೆದು, ಸ್ಕೋಪಿನಲ್ಲಿ ನವಿಲು ನೋಡು, ಎದುರು ಮನೆಯ ತಾರಸಿ ನೋಡು ಎನ್ನುವುದು. ಸ್ಕೋಪು ನೋಡಿದ ಕಡೆಗೆ ನಳಿಗೆಯೂ ನೋಡುತ್ತದೆ ಎಂಬಷ್ಟು ಬುದ್ಧಿ ಬೇಡವೆ? ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಿತ ಪ್ರದೇಶ. ಅಲ್ಲಿಯ ಕೃಷ್ಣಮೃಗ ನೋಡುವ ಆಸೆಯಿದ್ದರೆ ಕೊರಳಿಗೆ ಹಾಕಿಕೊಳ್ಳುವ ದುರ್ಬೀನು ಕೊಳ್ಳಿ. ರೈಫಲ್ಲು ಬೀರುವಿನಲ್ಲಿರಲಿ.

ಹೊಸದಕ್ಕೆ ಹಳೆಯದರ ಎರಡರಷ್ಟು ಬೆಲೆ. ‘ನಾಳೆ ಮದುವೆಯಾಗಿ ಹೋಗುವವಳಿಗೆ ಇದೆಲ್ಲ ಯಾಕೆ’ ಎಂಬ ಮಾತೂ ಬಂತು. ಹೋದರೆ ಲೈಸೆನ್ಸಿನ ಜೊತೆಗೇ ಹೋಗುತ್ತಾಳೆ ಎಂದು ಅಕ್ಕ ಚೀಟಿಯ ದುಡ್ಡು ಎತ್ತಿಕೊಟ್ಟಳು. ‘ಇಷ್ಟು ಪುಟ್ಟದ್ದಕ್ಕೆ ಇಷ್ಟು ದುಡ್ಡೆ?’ ಎಂದ ಭಾವನಿಗೆ ತನ್ನ ವಜ್ರದ ಮೂಗುಬೊಟ್ಟು ತೋರಿಸಿ ಸುಮ್ಮನಾದಳು.

ಆ ಲಟ್ಟಣಿಗೆ ಈಗ ಅಜ್ಜಂಪುರಕ್ಕೆ ಹೋಗಿದೆ. ನಮ್ಮಣ್ಣ ಅದನ್ನು ತನ್ನ ಸ್ಪ್ರಿಂಗಿನ ಏರ್‌ಗನ್ನಿಗೆ ಹಾಕುತ್ತಾನಂತೆ. ಸ್ಪ್ರಿಂಗ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಅದಕ್ಕೆಂದೇ ಮಾಡಿದ ಸ್ಕೋಪಲ್ಲದಿದ್ದರೆ ಒಳಗಿನ ಗಾಜು ಕಳಚಿಕೊಳ್ಳುತ್ತದಣ್ಣ ಎಂದೆ. ‘ನಿನಗೇನು ಗೊತ್ತಾಗುತ್ತೆ, ಸುಮ್ಮನಿರು’ ಎಂದ. ಸುಮ್ಮನಿದ್ದೇನೆ.