ವಸತಿ ಹಂಚಿಕೆ ಮತ್ತು ಶಾಲಾ ದಾಖಲಾತಿ: ಬೆಂಗಳೂರು ಹೊರವಲಯದ ಒಂದು ಅವಲೋಕನ

ಸರ್ಕಾರದ ವಸತಿ ಯೋಜನೆಗಳಡಿ ಮನೆ ಕೋರಿ ಅರ್ಜಿ ಸಲ್ಲಿಸುವವರು ಆದಾಯ, ಜಾತಿ ಹಾಗೂ ವಾಸಸ್ಥಳದ ದಾಖಲೆಗಳನ್ನು ಕಾಳಜಿಯಿಂದ ಹೊಂದಿಸಿಕೊಳ್ಳುತ್ತಾರೆ. ಮಕ್ಕಳ ಶಾಲೆಯ ವಿಷಯ ಸಾಮಾನ್ಯವಾಗಿ ಮನೆಯ ಬೀಗದ ಕೈ ದೊರೆತ ನಂತರವೇ ಮುನ್ನೆಲೆಗೆ ಬರುತ್ತದೆ. ಆದರೆ ಮನೆ ಯಾವ ಗ್ರಾಮದಲ್ಲಿ ಅಥವಾ ಯಾವ ವಾರ್ಡಿನಲ್ಲಿ ಹಂಚಿಕೆಯಾಯಿತೆಂಬುದರಿಂದಲೇ ಮಗುವಿನ ಶಾಲೆಯೂ ಬಹುಮಟ್ಟಿಗೆ ನಿರ್ಧಾರವಾಗಿಬಿಟ್ಟಿರುತ್ತದೆ.

ಬೆಂಗಳೂರು ನಗರದ ಒಳಭಾಗದಲ್ಲಿ ಜಮೀನಿನ ಬೆಲೆ ಅಧಿಕವಾಗಿರುವುದರಿಂದ ಕಡಿಮೆ ಆದಾಯದವರ ಬಹುಮಹಡಿ ವಸತಿ ಸಮುಚ್ಚಯಗಳು ಹೆಚ್ಚಾಗಿ ಹೊರವಲಯದ ಸರ್ಕಾರಿ ಜಮೀನುಗಳಲ್ಲಿ ನಿರ್ಮಾಣಗೊಳ್ಳುತ್ತಿವೆ. ಜಮೀನು ಲಭ್ಯವಿರುವ ಸ್ಥಳದಲ್ಲಿ ಶಾಲೆಯೂ ಇರುತ್ತದೆಂಬ ಖಾತರಿ ಇಲ್ಲ.

ಸ್ಥಳಾಂತರ ನಡೆಯುವ ತಿಂಗಳೂ ಅಷ್ಟೇ ಮುಖ್ಯವಾದುದು. ಈಜಿಪುರದ ಆರ್ಥಿಕವಾಗಿ ದುರ್ಬಲ ವರ್ಗದವರ ವಸತಿಗೃಹಗಳಲ್ಲಿ ಒಂದು ಕಟ್ಟಡ 2007ರಲ್ಲಿ ಕುಸಿದಿತ್ತು. ಅಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಿದ್ದು 2013ರ ಜನವರಿಯಲ್ಲಿ, ಅಂದರೆ ವಾರ್ಷಿಕ ಪರೀಕ್ಷೆಗೆ ಎರಡು ಮೂರು ತಿಂಗಳಷ್ಟೇ ಬಾಕಿ ಇದ್ದಾಗ. ನಂತರ ಅವರಲ್ಲಿ ಕೆಲವರಿಗೆ ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯಲ್ಲಿ ಮನೆಗಳನ್ನು ನೀಡಲಾಯಿತು. ಇಂತಹ ಸಂದರ್ಭದಲ್ಲಿ ಪೋಷಕರಿಗೆ ಉಳಿಯುವ ಮಾರ್ಗಗಳು ಎರಡೇ: ಮಗುವನ್ನು ಬಸ್ಸಿನಲ್ಲಿ ಹಳೆಯ ಶಾಲೆಗೆ ಕಳುಹಿಸುವುದು ಅಥವಾ ವರ್ಷದ ಮಧ್ಯೆ ಶಾಲೆ ಬದಲಿಸುವುದು. ಮೂರನೆಯದೊಂದು ಇದೆ, ಅದು ಶಾಲೆ ಬಿಡಿಸುವುದು. ಅದನ್ನು ಮಾರ್ಗವೆಂದು ಕರೆಯಲಾಗದು.

ಶಿಕ್ಷಣ ಹಕ್ಕು ಕಾಯ್ದೆ, 2009 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರಕರಣ 5ರ ಮೇರೆಗೆ, ಯಾವುದೇ ಕಾರಣದಿಂದ ಮಗು ಬೇರೆ ಶಾಲೆಗೆ ಹೋಗಬೇಕಾದಲ್ಲಿ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪ್ರಮಾಣಪತ್ರ ನೀಡತಕ್ಕದ್ದು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ವಿಳಂಬಿಸುವಂತೆಯೂ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವುದನ್ನು ಪ್ರಕರಣ 14 ಹಾಗೂ ದಾಖಲಾತಿಯ ಅವಧಿ ಮುಗಿದಿದೆಯೆಂದು ಕಳುಹಿಸುವುದನ್ನು ಪ್ರಕರಣ 15 ತಡೆಯುತ್ತವೆ. ಮನೆ ಸ್ಥಳಾಂತರಗೊಂಡ ಕುಟುಂಬಗಳಲ್ಲಿ ಕಾಗದಪತ್ರಗಳು ಚದುರಿಹೋಗಿರುವುದು ಸಹಜವಾದುದರಿಂದ ಈ ಅವಕಾಶಗಳನ್ನು ಪೋಷಕರು ತಿಳಿದಿರುವುದು ಒಳಿತು.

ಆದರೆ ಈ ಕಾಯ್ದೆಯಡಿ ಶೇ. 25ರ ಮೀಸಲಾತಿಯಲ್ಲಿ ಖಾಸಗಿ ಶಾಲೆಗೆ ಸೇರಿದ ಮಕ್ಕಳ ಸ್ಥಿತಿ ಬೇರೆ. ಪ್ರಕರಣ 5ರ ವರ್ಗಾವಣೆ ಹಕ್ಕು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಕುಟುಂಬ ಹದಿನೈದು ಕಿಲೋಮೀಟರ್ ದೂರದ ಹೊಸ ಮನೆಗೆ ಹೋದಾಗ ಆ ಸೀಟು ಅವರ ಹಿಂದೆ ಬರುವುದಿಲ್ಲ. ಹೊಸ ಸ್ಥಳದಲ್ಲಿ ಅಂತಹ ಇನ್ನೊಂದು ಸೀಟು ದೊರೆಯುವ ಸಾಧ್ಯತೆಯೂ ಕಡಿಮೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಗೆ ಈ ಹೊಣೆಯಿಂದ ವಿನಾಯಿತಿ ನೀಡುವ ನಿಯಮ ತಿದ್ದುಪಡಿ ರಾಜ್ಯದಲ್ಲಿ 2019-20ನೇ ಸಾಲಿನಿಂದ ಜಾರಿಗೆ ಬಂದಿತು. ಹಿಂದೆ ಒಂದು ಲಕ್ಷಕ್ಕೂ ಮೀರಿದ್ದ ಸೀಟುಗಳ ಸಂಖ್ಯೆ ಆ ಸಾಲಿನಲ್ಲಿ 20 ಸಾವಿರಕ್ಕಿಂತ ಕೆಳಗಿಳಿಯಿತು. ಮನೆಯ ಲಾಭ ಮತ್ತು ಸೀಟಿನ ನಷ್ಟ ಇವೆರಡನ್ನೂ ಒಟ್ಟಿಗೆ ತೂಗಿ ನೋಡಬೇಕಾದ ಪರಿಸ್ಥಿತಿ ಇದು.

ಶಾಲೆಗಳ ಕಡೆಯಿಂದ ನೋಡಿದರೂ ಲೆಕ್ಕ ಹೊಂದುವುದಿಲ್ಲ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕು. ಪಕ್ಕದಲ್ಲಿ ವಸತಿ ಸಮುಚ್ಚಯವೊಂದು ತಲೆಯೆತ್ತಿ ಇನ್ನೂ 70 ಮಕ್ಕಳು ಸೇರಿದರೆಂದುಕೊಳ್ಳೋಣ. ಒಟ್ಟು 130 ಮಕ್ಕಳಿಗೆ ಐವರು ಶಿಕ್ಷಕರು ಬೇಕಾಗುತ್ತಾರೆ. ಆದರೆ ಮಕ್ಕಳ ಅಂಕಿಅಂಶಗಳನ್ನು ಸಂಗ್ರಹಿಸುವುದು ವರ್ಷಕ್ಕೊಮ್ಮೆ. ಎಣಿಕೆಯ ನಂತರ ಬಂದ ಮಕ್ಕಳು ತರಗತಿಯಲ್ಲಿ ಇರುತ್ತಾರೆ, ಕಡತದಲ್ಲಿ ಇರುವುದಿಲ್ಲ. ಅದೇ ವೇಳೆಗೆ ನಗರದೊಳಗಿನ ಹಳೆಯ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಅಲ್ಲಿನ ಶಿಕ್ಷಕರು ಹೆಚ್ಚುವರಿಯಾಗುತ್ತಾರೆ.

ಹೊಸ ಬಡಾವಣೆಗಳಲ್ಲಿ ಶಾಲೆಗೆ ಜಾಗವೇ ಇಲ್ಲವೆಂಬ ಭಾವನೆ ಪೂರ್ತಿ ಸರಿಯಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976ರ ಪ್ರಕಾರ ಪ್ರಾಧಿಕಾರದ ಬಡಾವಣೆಯ ಕನಿಷ್ಠ ಶೇ. 15ರಷ್ಟು ಜಾಗವನ್ನು ಉದ್ಯಾನ ಹಾಗೂ ಆಟದ ಮೈದಾನಗಳಿಗೆ, ಅದಲ್ಲದೆ ಕನಿಷ್ಠ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಕಾಯ್ದಿರಿಸತಕ್ಕದ್ದು. ಜಾಗ ಕಾಯ್ದಿರಿಸುವುದು ಬೇರೆ, ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ತೆರೆಯುವುದು ಬೇರೆ. ಸದರಿ ನಿವೇಶನ ಖಾಸಗಿ ಸಂಸ್ಥೆಗೆ ಗುತ್ತಿಗೆಯಾದಲ್ಲಿ ನಕ್ಷೆಯಲ್ಲಿ ಶಾಲೆ ಕಾಣುತ್ತದೆ, ಶುಲ್ಕ ಭರಿಸಲಾಗದ ಕುಟುಂಬಕ್ಕೆ ಮಾತ್ರ ಅದು ಇದ್ದೂ ಇಲ್ಲದಂತೆ. ವಸತಿ ಯೋಜನೆಯ ಅಂದಾಜುಪಟ್ಟಿ ಸಿದ್ಧವಾಗುವ ಹಂತದಲ್ಲಿಯೇ ಶಿಕ್ಷಣ ಇಲಾಖೆಗೆ ಮಕ್ಕಳ ಅಂದಾಜು ಸಂಖ್ಯೆ ತಲುಪಿದರೆ ಈ ಅಂತರದ ಬಹುಭಾಗ ತಪ್ಪುತ್ತದೆ.

ಅರ್ಜಿದಾರರು ಸ್ಥಳ ಆಯ್ಕೆಗೆ ಅವಕಾಶವಿರುವೆಡೆ ಮನೆಯ ಅಳತೆ ಮತ್ತು ವಂತಿಗೆಯೊಂದಿಗೆ ಶಾಲೆಯ ದೂರವನ್ನೂ ಖುದ್ದಾಗಿ ಪರಿಶೀಲಿಸತಕ್ಕದ್ದು. ನಿಯಮಗಳ ಪ್ರಕಾರ ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ಶಾಲೆ ಇರಬೇಕು. ಸಾಧ್ಯವಾದರೆ ಮನೆ ಬದಲಾವಣೆಯನ್ನು ಬೇಸಿಗೆ ರಜೆಗೆ ಹೊಂದಿಸಿಕೊಂಡು, ವರ್ಗಾವಣೆ ಪ್ರಮಾಣಪತ್ರ ಹಾಗೂ ಅಂಕಪಟ್ಟಿಯ ಪ್ರತಿಗಳನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು. ಪ್ರವೇಶ ನಿರಾಕರಿಸಿದಲ್ಲಿ ಹೊಸ ಮನೆಯ ವ್ಯಾಪ್ತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.